ಭೂತಾನ್ ಮತ್ತು ನೇಪಾಳದ ದುಡ್ಡಿನ ನಡುವಿನ ದರ 1993ರಿಂದ ಯಾಕೆ ಬದಲಾಗಿಲ್ಲ?

ಯಾಕಂದ್ರೆ ಎರಡನ್ನೂ ಕಟ್ಟಿಹಾಕಿರುವುದು ಒಂದೇ ಗೂಟಕ್ಕೆ, ಅಂದರೆ ನಮ್ಮ ರೂಪಾಯಿಗೆ.

ಭೂತಾನ್ 1974ರಲ್ಲಿ ತನ್ನ ಕರೆನ್ಸಿ ನ್ಗುಲ್ಟ್ರಮ್ ಶುರು ಮಾಡಿದಾಗಲೇ ಅದರ ಬೆಲೆಯನ್ನು ಒಂದು ಭಾರತೀಯ ರೂಪಾಯಿಗೆ ಸಮ ಮಾಡಿತು. ನೇಪಾಳ ಹಾಗಲ್ಲ. ಅದು ಮೊದಲು ಆಗಾಗ ದರ ತಿದ್ದುತ್ತಿತ್ತು. 1993ರ ಫೆಬ್ರವರಿಯಲ್ಲಿ ನಮ್ಮ 1 ರೂಪಾಯಿಗೆ ಅವರ 1.60 ಎಂದು ನಿಲ್ಲಿಸಿತು. ಕಠ್ಮಂಡುವಿನಲ್ಲಿ ಬೆಲೆ ಕೇಳಿದರೆ ಅಂಗಡಿಯವರು ‘ಐಸಿಯೋ ಎನ್‌ಸಿಯೋ’ (ಇಂಡಿಯನ್ ಕರೆನ್ಸಿಯೋ, ನೇಪಾಳಿ ಕರೆನ್ಸಿಯೋ) ಅಂತಾರಲ್ವಾ, ಅದು ಇದೇ ಲೆಕ್ಕ: ಭಾರತದ ದುಡ್ಡಲ್ಲಿ 100, ನೇಪಾಳದ್ದರಲ್ಲಿ 160.

ಹಾಗಾಗಿ 1 ನ್ಗುಲ್ಟ್ರಮ್ ಅಂದರೆ 1.60 ನೇಪಾಳಿ ರೂಪಾಯಿ. ಇದನ್ನು ಯಾರೂ ಕೂತು ನಿಗದಿ ಮಾಡಿದ್ದಲ್ಲ, ಸುಮ್ನೆ ಎರಡು ದರ ಸೇರಿ ತಾನಾಗಿ ಹುಟ್ಟಿದ್ದು. 2013ರಲ್ಲಿ ಡಾಲರ್ ಎದುರು ನಮ್ಮ ರೂಪಾಯಿ ಕುಸಿದಾಗ ಅವೆರಡೂ ಜೊತೆಗೇ ಕುಸಿದವು. ಒಂದೇ ದೋಣಿಯಲ್ಲಿ ಕೂತವರ ನಡುವಿನ ಅಂತರ ಬದಲಾಗುತ್ತಾ?

ಆದರೆ ದುಡ್ಡು ಬದಲಿಸುವ ಅಂಗಡಿಯಲ್ಲಿ ಇಷ್ಟೇ ಸಿಗುತ್ತೆ ಅಂದ್ಕೋಬೇಡಿ. ಅವರ ಕಮಿಷನ್ ಬೇರೆ.