ಮುಂದಿನ ಭಾನುವಾರ ಬರ್ತೀನಿ ಅಂದಿದ್ದೆ

ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯೋಕೆ ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ. ಇಲ್ಲಿ ಅವಳನ್ನು ಚೈತ್ರಾ ಎನ್ನೋಣ. ವಯಸ್ಸು 19, ಎರಡನೇ ವರ್ಷದ ಬಿ.ಕಾಂ., ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಸ್ವಯಂಸೇವಕಿ.

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಅವಳನ್ನು ಕರೆದುಕೊಂಡು ಬಂದಿದ್ದು ಅವಳ ಅಮ್ಮ. "ಮೂರು ವಾರದಿಂದ ಮಧ್ಯಾಹ್ನ ಊಟ ಬಿಟ್ಟಿದ್ದಾಳೆ ಮೇಡಂ. ಡಬ್ಬಿ ಹಾಗೇ ವಾಪಸ್ ಬರುತ್ತೆ. ಕೇಳಿದ್ರೆ ಅಳ್ತಾಳೆ. ಆ ಎನ್‌ಎಸ್‌ಎಸ್ ಬಿಟ್ಟುಬಿಡು ಅಂತ ನೀವಾದ್ರೂ ಹೇಳಿ" ಎಂದರು. ಮಗಳು ಕಿಟಕಿ ಕಡೆ ನೋಡುತ್ತಾ ಕೂತಿದ್ದಳು. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ವಿಷಯ ಹೊರಬರಲು ಎರಡು ಭೇಟಿ ಬೇಕಾಯಿತು. ಬೆಂಗಳೂರಿನ ಹೊರಗೆ ಒಂದು ಅಪಾರ್ಟ್‌ಮೆಂಟ್ ಕಟ್ಟುವ ಸೈಟು. ಪಕ್ಕದಲ್ಲಿ ತಗಡಿನ ಶೆಡ್ಡುಗಳು. ಅಲ್ಲಿರುವ ಹೆಚ್ಚಿನವರು ಯಾದಗಿರಿ ಕಡೆಯಿಂದ ಗುಳೆ ಬಂದವರು. ಚೈತ್ರಾಳ ತಂಡ ಪ್ರತಿ ಭಾನುವಾರ ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿತ್ತು. ಒಂಬತ್ತು ವರ್ಷದ ಒಬ್ಬ ಹುಡುಗಿ ಅವಳನ್ನು ತುಂಬಾ ಹಚ್ಚಿಕೊಂಡಳು. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡೇ ಮಗ್ಗಿ ಹೇಳುತ್ತಿದ್ದಳಂತೆ. ಊರಲ್ಲಿ ಎರಡನೇ ಕ್ಲಾಸಿನವರೆಗೆ ಓದಿದ್ದಳು, ಇಲ್ಲಿ ಶಾಲೆಗೆ ಸೇರಿರಲಿಲ್ಲ. ಒಂದು ದಿನ "ಅಕ್ಕಾರ, ನನ್ನ ಸಾಲಿಗೆ ಹಚ್ತೀರೇನ್ರಿ?" ಎಂದು ಕೇಳಿದಳು. ಚೈತ್ರಾ "ಮುಂದಿನ ಭಾನುವಾರ ಬರ್ತೀನಿ, ಅಪ್ಪನ ಹತ್ರ ಮಾತಾಡಿ ಸೇರಿಸ್ತೀನಿ" ಎಂದಳು.

ಮುಂದಿನ ಭಾನುವಾರ ಇಂಟರ್ನಲ್ಸ್ ಎದುರಿಗಿತ್ತು. ಅದರ ಮುಂದಿನದು ಮನೆಯಲ್ಲಿ ಗೃಹಪ್ರವೇಶ. ಮೂರನೆಯದಕ್ಕೆ ಜ್ವರ. ನಾಲ್ಕನೇ ಭಾನುವಾರ ಹೋದರೆ ಆ ಶೆಡ್ಡಿನಲ್ಲಿ ಬೇರೆ ಸಂಸಾರ ಇತ್ತು. ಪಕ್ಕದವರು ಹೇಳಿದ್ದು ಇಷ್ಟೇ: "ಸೆಂಟ್ರಿಂಗ್ ಕೆಲಸ ಮುಗೀತ್ರಿ, ಮೇಸ್ತ್ರಿ ಕರ್ಕೊಂಡು ಹೋದ. ಆ ಹುಡುಗಿ ನಿಮ್ಮ ಹಾದಿ ನೋಡ್ತಿತ್ತು."

ಮಧ್ಯಾಹ್ನದ ಊಟವನ್ನೇ ಯಾಕೆ ಬಿಟ್ಟೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಶಾಲೆಗೆ ಸೇರಿದ್ರೆ ಅವಳಿಗೆ ಬಿಸಿಯೂಟ ಸಿಕ್ತಿತ್ತು ಮ್ಯಾಮ್. ಅದನ್ನ ತಪ್ಪಿಸಿದವಳು ನಾನು. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಆಗ್ಬೇಕು. ನನ್ನ ಗಂಟೆ ತುಂಬ್ತು, ಸರ್ಟಿಫಿಕೇಟ್ ಬರುತ್ತೆ. ಅವಳಿಗೇನು ಬಂತು?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ. "ನಿನ್ನದೇನೂ ತಪ್ಪಿಲ್ಲ ಬಿಡು" ಎನ್ನುವುದು ಸುಲಭವಿತ್ತು. ಆದರೆ ಅವಳು ನಂಬುತ್ತಿರಲಿಲ್ಲ, ಅದು ಪೂರ್ತಿ ನಿಜವೂ ಆಗಿರಲಿಲ್ಲ. ಕೊಟ್ಟ ಮಾತು ತಪ್ಪಿತ್ತು. ಅದು ಅವಳಿಗೆ ಚುಚ್ಚುತ್ತಿದೆ ಎನ್ನುವುದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಂಡಿತು.

ಮೊದಲು ಕೇಳಲೇಬೇಕಾದದ್ದನ್ನು ಕೇಳಿದೆ. ನಿದ್ದೆ ಹೇಗಿದೆ? ಸಾಯಬೇಕು ಅಂತ ಅನ್ನಿಸಿದ್ದುಂಟಾ? ಹಾಗೇನೂ ಇಲ್ಲ ಎಂದಳು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ನನ್ನ ಹತ್ತಿರ ಬರಲಾಗದ ಹೊತ್ತಿನಲ್ಲಿ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು ಎಂದು ಫೋನಿನಲ್ಲಿ ನಂಬರ್ ಸೇವ್ ಮಾಡಿಸಿದೆ. ತೂಕ ಇಳಿದಿದ್ದರಿಂದ ವೈದ್ಯರಿಗೂ ತೋರಿಸಲು ಅಮ್ಮನಿಗೆ ಹೇಳಿದೆ.

ಆಮೇಲೆ ಒಂದು ಹಾಳೆ ಕೊಟ್ಟು, ಈ ವಿಷಯದಲ್ಲಿ ಯಾರ ಪಾಲು ಎಷ್ಟು ಬರಿ ಎಂದೆ. ಮೊದಲ ಸಲ ಎಲ್ಲದರ ಮುಂದೆಯೂ ತನ್ನ ಹೆಸರನ್ನೇ ಬರೆದಳು. ನಾವಿಬ್ಬರೂ ಕೂತು ಒಂದೊಂದೇ ಸಾಲು ನೋಡಿದೆವು. ಊರಲ್ಲಿ ಕೆಲಸ ಸಿಗದೆ ಆ ಸಂಸಾರ ಗುಳೆ ಬಂದದ್ದು ಅವಳಿಂದಲ್ಲ. ಸೈಟಿನ ಕೆಲಸ ಮುಗಿದು ಮೇಸ್ತ್ರಿ ಕರೆದೊಯ್ದದ್ದೂ ಅವಳಿಂದಲ್ಲ. ಇಷ್ಟು ದಿನ ಆ ಹುಡುಗಿ ಶಾಲೆಯ ಹೊರಗಿದ್ದದ್ದಕ್ಕೆ ಉತ್ತರ ಹೇಳಬೇಕಾದ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ. ಕೊನೆಗೆ ಚೈತ್ರಾಳ ಪಾಲಿಗೆ ಉಳಿದದ್ದು ಎರಡು ಸಾಲು: ಮೂರು ಭಾನುವಾರ ಹೋಗಲಿಲ್ಲ, ಹೋಗಲ್ಲ ಅಂತ ಯಾರಿಗೂ ತಿಳಿಸಲಿಲ್ಲ. "ಇಷ್ಟನ್ನು ಹೊರು. ಇದಕ್ಕಿಂತ ಜಾಸ್ತಿ ಹೊರಬೇಡ" ಎಂದೆ.

ಎನ್‌ಎಸ್‌ಎಸ್ ಶುರುವಾದದ್ದು 1969ರಲ್ಲಿ, ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ. ಅದರ ಧ್ಯೇಯವಾಕ್ಯ "ನನಗಲ್ಲ, ನಿನಗೆ". ಚೈತ್ರಾ ಇದನ್ನು ಅಕ್ಷರಶಃ ತೆಗೆದುಕೊಂಡುಬಿಟ್ಟಿದ್ದಳು. ನಾನು ಕೇಳಿದೆ: "ನೀನು ಬಿಟ್ಟ ಅನ್ನ ಅವಳ ತಟ್ಟೆಗೆ ಹೋಗ್ತಾ ಇದೆಯಾ?" ಇಲ್ಲ ಎಂದು ತಲೆಯಾಡಿಸಿದಳು. "ಹಾಗಾದ್ರೆ ನಾಳೆ ಡಬ್ಬಿ ಖಾಲಿ ಮಾಡು. ಊಟ ಮಾಡಿದ ಮೇಲೆ ಅವಳಿಗಾಗಿ ಅರ್ಧ ಗಂಟೆ ಕೆಲಸ ಮಾಡು." ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎನ್ನುವುದೇ ಮುಂದಿನ ಎರಡು ಭೇಟಿಯ ಮಾತಾಯಿತು.

ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸೇವೆಗೆ ಹೋಗುವ ಹುಡುಗ ಹುಡುಗಿಯರಲ್ಲಿ ತುಂಬಾ ಜನರಿಗೆ ಇದು ಗೊತ್ತಿರುವುದಿಲ್ಲ. ಚೈತ್ರಾಳಿಗೂ ಗೊತ್ತಿರಲಿಲ್ಲ. ಟಿಸಿ ಇಲ್ಲ, ಆಧಾರ್ ಇಲ್ಲ, ವರ್ಷದ ಮಧ್ಯೆ ಹೇಗೆ ಸೇರಿಸೋದು ಎಂದು ಹೆದರಿಯೇ ಅವಳು ಅರ್ಧ ಹಿಂಜರಿದಿದ್ದಳು. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಟಿಸಿ ಬರುವುದು ತಡವಾಯಿತು ಎಂದೂ ನಿಲ್ಲಿಸುವಂತಿಲ್ಲ. ಶಾಲೆ ಶುರುವಾಗಿ ತಿಂಗಳುಗಳಾಗಿದ್ದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ಕಲಿಸಬೇಕು. ಸುತ್ತಲಿನ ಸರ್ಕಾರಿ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಇರುತ್ತಾರೆ. ಸಮೀಪದ ಶಾಲೆಯ ಮುಖ್ಯ ಶಿಕ್ಷಕರ ಹತ್ತಿರ ಅವರ ನಂಬರ್ ಸಿಗುತ್ತದೆ. ಒಬ್ಬಳೇ ವಿದ್ಯಾರ್ಥಿನಿ ಭಾನುವಾರ ಹೋಗಿ ಮಾಡುವ ಕೆಲಸ ಇದಲ್ಲ. ಶಾಲೆ ತೆರೆದಿರುವ ದಿನ, ಎನ್‌ಎಸ್‌ಎಸ್ ಅಧಿಕಾರಿ ಜೊತೆಯಲ್ಲಿ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಮಾಡುವ ಕೆಲಸ.

ಅದಕ್ಕೇ ಅವಳ ಜೊತೆ ಒಂದು ಪುಸ್ತಕ ಮಾಡಿಸಿದೆ. ಪ್ರತಿ ಮಗುವಿಗೆ ಒಂದು ಪುಟ. ಯಾವ ತಾಲ್ಲೂಕು, ಊರಲ್ಲಿ ಎಷ್ಟನೇ ಕ್ಲಾಸು, ಅಲ್ಲಿನ ಎಸ್‌ಎಟಿಎಸ್ ನಂಬರ್ (ಸರ್ಕಾರದ ಶಾಲಾ ದಾಖಲೆಯಲ್ಲಿ ಮಗುವಿಗಿರುವ ಗುರುತಿನ ಸಂಖ್ಯೆ) ಸಿಕ್ಕರೆ ಅದು, ಮೇಸ್ತ್ರಿ ಯಾರು. ಪುಸ್ತಕ ಇರುವುದು ಅಧಿಕಾರಿಯ ಬೀರುವಿನಲ್ಲಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಫೋಟೋಗೂ ಅದೇ ಮಾತು. ಬಿಸ್ಕತ್ತು ಕೊಡುವಾಗ ಮಕ್ಕಳ ಮುಖ ತೆಗೆದು ಸ್ಟೇಟಸ್ ಹಾಕುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ನಮ್ಮ ಮನೆ ಮಕ್ಕಳು ತಿನ್ನುವಾಗ ಗುರುತಿಲ್ಲದವರು ಹಾಗೆ ಮಾಡಿದರೆ ಸುಮ್ನೆ ಇರ್ತೀವಾ?

ಮಾತು ಕೊಡುವ ಬಗ್ಗೆ ನಾವಿಬ್ಬರೂ ಸೇರಿ ಒಂದು ನಿಯಮ ಮಾಡಿಕೊಂಡೆವು. ಕೊಟ್ಟ ಮಾತು ಇನ್ನೊಬ್ಬ ಸ್ವಯಂಸೇವಕರಿಗೂ ಗೊತ್ತಿರಬೇಕು. ಚೈತ್ರಾ ಹೋಗಲಾಗದಿದ್ದರೆ ಅವರು ಹೋಗಿ ಹೇಳಬೇಕು. "ಹಚ್ಚಿಕೊಳ್ಳಬೇಡ, ದೂರ ಇರು" ಎಂದು ನಾನು ಹೇಳಲಿಲ್ಲ. ಮಕ್ಕಳಿಗೆ ಗೊತ್ತಾಗುತ್ತದೆ, ಯಾರು ಮನಸ್ಸಿಟ್ಟು ಬಂದವರು, ಯಾರು ಹಾಜರಿಗೆ ಬಂದವರು ಅಂತ.

ಅಮ್ಮನ ಜೊತೆ ಒಂದು ಸಲ ಬೇರೆಯಾಗಿ ಮಾತಾಡಿದೆ. ಅವರ ಭಯ ಅರ್ಥವಾಗುವಂಥದ್ದು. ಆದರೆ ಈಗ ಬಿಡಿಸಿದರೆ, ಓಡಿಹೋದೆ ಎಂಬ ಭಾವನೆ ಮಗಳಲ್ಲಿ ಉಳಿದುಬಿಡುತ್ತದೆ ಎಂದೆ. ಎರಡು ವಾರಕ್ಕೊಮ್ಮೆ, ಜೊತೆಗಾತಿಯೊಂದಿಗೆ, ಪರೀಕ್ಷೆ ಸಮಯದಲ್ಲಿ ರಜೆ. ಅವರು ಒಪ್ಪಿದರು. ಎನ್‌ಎಸ್‌ಎಸ್ ಅಧಿಕಾರಿಗೆ ನಾನು ಹೇಳಿದ್ದು ಒಂದೇ: ಪ್ರತಿ ಭೇಟಿ ಆದಮೇಲೆ ಇಪ್ಪತ್ತು ನಿಮಿಷ ಹುಡುಗರನ್ನು ಕೂರಿಸಿ, ಇವತ್ತು ಏನು ನೋಡಿದಿರಿ, ಏನು ಕಷ್ಟವಾಯಿತು ಎಂದು ಕೇಳಿ. ಹಸಿವನ್ನು ಹತ್ತಿರದಿಂದ ನೋಡಿದ ಮಗು ಒಬ್ಬಳೇ ಬಸ್ಸು ಹತ್ತಿ ಮನೆಗೆ ಹೋಗಬಾರದು.

ಐದನೇ ಭೇಟಿಯ ಹೊತ್ತಿಗೆ ಊಟ ಸರಿಹೋಗಿತ್ತು. ಹಳೆಯ ಮೇಸ್ತ್ರಿಯಿಂದ ಆ ಹುಡುಗಿಯ ಅಪ್ಪನ ನಂಬರ್ ಸಿಕ್ಕಿತ್ತು. ನಗರದ ಇನ್ನೊಂದು ತುದಿಯ ಸೈಟಿನಲ್ಲಿದ್ದರು. ಅಪ್ಪನ ಒಪ್ಪಿಗೆ ಪಡೆದು, ಅಧಿಕಾರಿ ಅಲ್ಲಿನ ಸರ್ಕಾರಿ ಶಾಲೆಗೆ ಹೆಸರು ತಲುಪಿಸಿದ್ದರು. ಚೈತ್ರಾ ಹುಡುಗಿಯ ಜೊತೆ ಫೋನಿನಲ್ಲಿ ಮಾತಾಡಿದ್ದಳು. ಅದನ್ನು ನನಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು, ಆದರೆ ದನಿ ನಡುಗಲಿಲ್ಲ.

"ಯಾವಾಗ ಬರ್ತೀರಿ ಅಕ್ಕಾರ ಅಂದ್ಲು ಮ್ಯಾಮ್. ಅವತ್ತು ಬರ್ತೀನಿ ಅಂತ ಹೇಳಿ ಬರ್ಲಿಲ್ಲ, ತಪ್ಪಾಯ್ತು ಅಂದೆ. ಅಷ್ಟು ದೂರ ನಂಗೆ ಬರೋಕಾಗಲ್ಲ ಪುಟ್ಟಿ, ಸೋಮವಾರ ಅಲ್ಲಿನ ಶಾಲೆ ಟೀಚರ್ ನಿಮ್ಮ ಶೆಡ್ಡಿಗೆ ಬರ್ತಾರೆ ಅಂತ ಹೇಳ್ದೆ. ಅವರ ಹೆಸರೂ ಹೇಳ್ದೆ."

"ಅವಳು ಏನಂದ್ಲು?"

"ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ, ಅವರು ಬೈತಾರೇನ್ರಿ ಅಂತ ಕೇಳಿದ್ಲು."