ತೂಕ ಇಳಿಸಬೇಕಂದ್ರೆ ಮುದ್ದೆ, ಅನ್ನ ಪೂರ್ತಿ ಬಿಡಬೇಕಾ?

ಬೇಡ. ಒಂದು ಗ್ರಾಂ ಕಾರ್ಬೋಹೈಡ್ರೇಟಿನಲ್ಲೂ ಒಂದು ಗ್ರಾಂ ಪ್ರೋಟೀನಿನಲ್ಲೂ ಇರುವುದು ಅದೇ 4 ಕ್ಯಾಲರಿ. ಎಣ್ಣೆಯಲ್ಲಿ 9. ತೊಂದರೆ ಇರುವುದು ತಟ್ಟೆಯ ಅಳತೆಯಲ್ಲಿ. ನಮ್ಮ ಮಾಮೂಲಿ ಊಟ ನೋಡಿ: ಅನ್ನದ ಗುಡ್ಡ, ಮೇಲೆ ತಿಳಿ ಸಾರು. ಪ್ರೋಟೀನ್ ಇರುವ ಬೇಳೆ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ, ಅಲ್ವಾ? ಸೌಟು ತಳಕ್ಕೆ ಇಳಿಸಿ, ಗಟ್ಟಿ ಬಡಿಸಿಕೊಳ್ಳಿ.

ಪ್ರೋಟೀನ್ ತಿಂದರೆ ಬೇಗ ಹಸಿವಾಗುವುದಿಲ್ಲ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗುವುದನ್ನು ಕಡಿಮೆ ಮಾಡಲೂ ಪ್ರೋಟೀನ್ ಬೇಕು. ಆರೋಗ್ಯವಂತ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ. ಅಂದರೆ 70 ಕೆಜಿ ಇದ್ದವರಿಗೆ ಸುಮಾರು 58 ಗ್ರಾಂ.

100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ ಪ್ರೋಟೀನ್, ಅಷ್ಟೇ ಒಣ ಹುರುಳಿಯಲ್ಲಿ 20ಕ್ಕೂ ಜಾಸ್ತಿ. ಒಂದು ಮೊಟ್ಟೆಯಲ್ಲಿ 6. ಹಾಗಾಗಿ ಮುದ್ದೆ ಒಂದೇ ಸಾಕು, ಎರಡನೆಯದರ ಜಾಗಕ್ಕೆ ಒಂದು ಬಟ್ಟಲು ಕಾಳು. ಬಸ್ಸಾರು ಮಾಡಿದ ದಿನ ಬಸಿದ ಕಾಳಿನ ಪಲ್ಯ ಬಿಡಬೇಡಿ, ಪ್ರೋಟೀನಿನ ಬಹುಪಾಲು ಅದರಲ್ಲೇ ಇರುತ್ತದೆ. ಡಬ್ಬಿ ಪೌಡರಿಗೆ ಸುಮ್ನೆ ದುಡ್ಡು ಸುರಿಯಬೇಕಿಲ್ಲ.

ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.