ತೋಟ ಮಾರುವ ಮುಂಚೆ

ಓದುಗರ ಪತ್ರ: ನಮ್ಮ ಅತ್ತೆಗೆ 62 ವರ್ಷ. ಸ್ತನ ಕ್ಯಾನ್ಸರ್, ಎರಡನೇ ಹಂತ ಅಂದಿದ್ದಾರೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ ಕೊಟ್ಟ ಎಸ್ಟಿಮೇಟಿನ ಪ್ರತಿ ಜೊತೆಗಿಟ್ಟಿದ್ದೇನೆ. ನಮ್ಮದು ಎಪಿಎಲ್ ಕಾರ್ಡು. ಯಜಮಾನರು ಎರಡು ಎಕರೆ ಕಾಫಿ ತೋಟ ಮಾರೋಣ ಅಂತಾರೆ, ಬ್ರೋಕರ್ ಬಂದು ನೋಡಿಕೊಂಡೂ ಹೋದ. ಅತ್ತೆ ‘ನನಗೆ ವಯಸ್ಸಾಯ್ತು, ತೋಟ ಮೊಮ್ಮಕ್ಕಳಿಗಿರಲಿ’ ಅಂತ ಹಠ ಹಿಡಿದಿದ್ದಾರೆ. ಬೆಂಗಳೂರಿನ ಮೈದುನ ಆಗಾಗ ಸ್ವಲ್ಪ ದುಡ್ಡು ಕಳಿಸ್ತಾರೆ. ಮಾರಬೇಕೋ ಬೇಡವೋ ಹೇಳಿ.
– ಓದುಗರು, ಬೇಲೂರು ತಾಲ್ಲೂಕು

ಸಂಪಾದಕರ ಉತ್ತರ:

ಸಹೋದರಿ,

ಈಗಲೇ ಮಾರಬೇಡಿ. ಎಂದೆಂದಿಗೂ ಬೇಡ ಎನ್ನುತ್ತಿಲ್ಲ. ಜೀವಕ್ಕಿಂತ ತೋಟ ದೊಡ್ಡದಲ್ಲ. ಆದರೆ ನಿಮ್ಮ ಮನೆಯಲ್ಲಿ ಕೊನೆಗೆ ಆಗಬೇಕಾದ ಮಾತು ಮೊದಲಿಗೇ ಬಂದುಬಿಟ್ಟಿದೆ. ಕಾಯಿಲೆ ಬಿದ್ದ ಮನೆಯ ಜಮೀನಿಗೆ ಊರಿನಲ್ಲಿ ಯಾರೂ ನ್ಯಾಯದ ಬೆಲೆ ಕಟ್ಟುವುದಿಲ್ಲ. ಬ್ರೋಕರ್ ಅಷ್ಟು ಬೇಗ ಬಂದದ್ದು ಯಾಕೆಂದು ನಿಮಗೂ ಗೊತ್ತು.

ನೀವು ಕಳಿಸಿದ ಎಸ್ಟಿಮೇಟನ್ನು ಎರಡೆರಡು ಸಲ ಓದಿದೆ. ಆಪರೇಷನ್, ಅರಿವಳಿಕೆ, ರೂಮಿನ ಬಾಡಿಗೆ ದೊಡ್ಡ ಅಕ್ಷರದಲ್ಲಿವೆ. ತೀರಾ ಕೆಳಗೆ, ಸಹಿ ಹಾಕುವ ಜಾಗಕ್ಕೆ ಅಂಟಿದಂತೆ, ‘ಔಷಧಿ, ರಕ್ತ, ಸ್ಕ್ಯಾನಿಂಗ್ ಪ್ರತ್ಯೇಕ’ ಎಂದಿದೆ. ಕೀಮೋ, ರೇಡಿಯೇಷನ್ನಿನ ಸುದ್ದಿಯೇ ಇಲ್ಲ. ಸ್ತನ ಕ್ಯಾನ್ಸರಿನಲ್ಲಿ ಬಹಳ ಜನಕ್ಕೆ ಆಪರೇಷನ್ ಒಂದರಲ್ಲೇ ಮುಗಿಯುವುದಿಲ್ಲ. ಕೀಮೋ ಸಾಮಾನ್ಯವಾಗಿ ಎರಡು ಮೂರು ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ ನಡೆಯುತ್ತದೆ. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನ, ಕೆಲವು ವಾರ. ಹರ್‌-2 ಪರೀಕ್ಷೆ (ಗಡ್ಡೆಯಲ್ಲಿ ಆ ಹೆಸರಿನ ಪ್ರೋಟೀನ್ ಹೆಚ್ಚಿದೆಯೇ ಎಂದು ನೋಡುವುದು) ಪಾಸಿಟಿವ್ ಬಂದರೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಸುಮಾರು ಒಂದು ವರ್ಷ. ತೋಟ ಮಾರಿದ ದುಡ್ಡು ಈ ಹಾಳೆಗೇ ಕರಗಿಹೋದರೆ ಉಳಿದ ವರ್ಷಕ್ಕೆ ಏನು ಮಾಡುತ್ತೀರಿ? ಅಷ್ಟು ಹೊತ್ತಿಗೆ ವರ್ಷ ವರ್ಷ ಬರುತ್ತಿದ್ದ ಕಾಫಿ, ಮೆಣಸಿನ ಫಸಲೂ ಇರುವುದಿಲ್ಲ.

ಆದ್ದರಿಂದ ಅಡ್ವಾನ್ಸ್ ಕಟ್ಟುವ ಮೊದಲು ಡಾಕ್ಟರ ಎದುರು ಕೂತು ದುಡ್ಡಿನ ವಿಷಯ ನೇರವಾಗಿ ಕೇಳಿ: ಮೊದಲಿನಿಂದ ಕೊನೆಯವರೆಗೆ ಏನೇನು ಚಿಕಿತ್ಸೆ, ಒಟ್ಟು ಎಷ್ಟಾಗಬಹುದು, ಇದರಲ್ಲಿ ಯಾವುದನ್ನು ಹಾಸನದಲ್ಲೇ ಮಾಡಿಸಬಹುದು? ನಮ್ಮ ಕಡೆಯವರಿಗೆ ಇದನ್ನು ಕೇಳಲು ಸಂಕೋಚ. ‘ದುಡ್ಡಿನ ಮುಖ ನೋಡ್ತಾರೆ ಅಂದ್ಕೊಂಡಾರು’ ಎಂದು ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತೇವೆ. ಖಾಸಗಿಯಲ್ಲಿ ಶುರು ಮಾಡಿ, ಒಡವೆಯೆಲ್ಲ ಅಡ ಇಟ್ಟಾದ ಮೇಲೆ, ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸಿ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೆ ಓಡುವವರಿದ್ದಾರೆ. ಅಲ್ಲಿಗೆ ಮೊದಲೇ ಹೋಗಿ. ಸರ್ಕಾರಿ ಆಸ್ಪತ್ರೆಗೆ ಹಾಕಿದರೆ ನೆಂಟರು ಏನಂದಾರು ಎಂಬ ಚಿಂತೆ ಬಿಡಿ, ಬಿಲ್ಲು ಕಟ್ಟಲು ಬರುವವರು ಅವರಲ್ಲ. 1973ರಿಂದ ಕ್ಯಾನ್ಸರನ್ನೇ ನೋಡುತ್ತಿರುವ ಆಸ್ಪತ್ರೆ ಅದು. ನೂಕುನುಗ್ಗಲು ಇದೆ, ಕಾಯಬೇಕಾಗುತ್ತದೆ, ಅದು ನಿಜ.

ಇನ್ನು ನಿಮ್ಮ ಕಾರ್ಡು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ಆ ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಎರಡು ಎಕರೆ ತೋಟದವರನ್ನೂ ಇಪ್ಪತ್ತು ಎಕರೆಯವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಈ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ಆದರೂ ಸಿಗುವುದನ್ನು ಬಿಡಬೇಡಿ. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಹೋಗಿ ರೆಫರಲ್ ಪತ್ರ ಮೊದಲು ಮಾಡಿಸಿಕೊಳ್ಳಿ. ಕೈಯಿಂದ ಕಟ್ಟಿ, ಆಮೇಲೆ ಬಿಲ್ಲು ತೋರಿಸಿದರೆ ಕೊಡುತ್ತಾರೆ ಎಂದು ನಂಬಿ ಕೂರಬೇಡಿ. ಸೊಸೈಟಿಯಲ್ಲಿ ಸದಸ್ಯರಾಗಿ ಯಶಸ್ವಿನಿ ಮಾಡಿಸಿದ್ದರೆ ಆ ಕಾರ್ಡೂ ಇರಲಿ. ಅದು ಮುಖ್ಯವಾಗಿ ಆಪರೇಷನ್‌ಗೆಂದೇ ಬಂದ ಯೋಜನೆ, ಕೀಮೋಗೆ ಅದನ್ನೇ ನೆಚ್ಚಿಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಮೈದುನನ ಸಂಗತಿ. ಅವರ ಕಂಪನಿಯಲ್ಲಿ ಗ್ರೂಪ್ ಇನ್ಶೂರೆನ್ಸ್ ಇದೆಯೇ? ಕೆಲವು ಕಂಪನಿಗಳ ಪಾಲಿಸಿಯಲ್ಲಿ ತಂದೆ ತಾಯಿಯೂ ಸೇರುತ್ತಾರೆ, ಮೊದಲೇ ಇದ್ದ ಕಾಯಿಲೆಗೂ ಕೆಲವದರಲ್ಲಿ ಅಡ್ಡಿಯಿಲ್ಲ. ಅಮ್ಮನ ಹೆಸರು ಸೇರಿದೆಯೋ, ಈಗ ಸೇರಿಸಬಹುದೋ ಅವರೇ ಎಚ್‌ಆರ್‌ನವರನ್ನು ಕೇಳಲಿ. ಆಗಾಗ ಕಳಿಸುವ ದುಡ್ಡಿಗಿಂತ ಅದು ಎಷ್ಟೋ ದೊಡ್ಡದಾದೀತು.

ಔಷಧಿ ಡಬ್ಬಿಯ ಮೇಲಿನ ಎಂಆರ್‌ಪಿ ನೋಡಿ ಎದೆ ಒಡೆದುಕೊಳ್ಳಬೇಡಿ. ಕ್ಯಾನ್ಸರ್ ಔಷಧಿಗಳಲ್ಲಿ ಆಸ್ಪತ್ರೆ ಕೊಳ್ಳುವ ದರಕ್ಕೂ ಅಚ್ಚಾದ ದರಕ್ಕೂ ಅಜಗಜಾಂತರ ಇದ್ದದ್ದರಿಂದಲೇ ಕೇಂದ್ರ ಸರ್ಕಾರ 2019ರಲ್ಲಿ 42 ಔಷಧಿಗಳ ವ್ಯಾಪಾರದ ಲಾಭವನ್ನು ಶೇ. 30ಕ್ಕೆ ಕಟ್ಟಿಹಾಕಿತು. ಈಗಲೂ ಒಂದೇ ಔಷಧಿಗೆ ಕಂಪನಿಯಿಂದ ಕಂಪನಿಗೆ ಬೆಲೆ ಬೇರೆ. ಟ್ರಾಸ್ಟುಜುಮ್ಯಾಬ್ ಬೇಕಾದರೂ ವಿದೇಶಿ ಕಂಪನಿಯದ್ದೇ ಆಗಬೇಕೆಂದಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲೇ ಅದರ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ ಔಷಧಿ, ತಂದಿದೆ. ‘ಕಡಿಮೆ ಬೆಲೆಯದ್ದು ಬರೆದುಕೊಡಿ ಸಾರ್’ ಎಂದು ಡಾಕ್ಟರನ್ನೇ ಕೇಳಿ, ಅಂಗಡಿಯಲ್ಲಿ ನೀವೇ ಬದಲಾಯಿಸಬೇಡಿ.

ಓಡಾಟದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ಸಲ ಬಾಡಿಗೆ ಕಾರು ಮಾಡಿದರೆ ಅದೇ ಒಂದು ಬಿಲ್ಲು. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ 2017ರಿಂದ ರೈಲಿದೆ. ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಂಡರೆ ಸ್ಲೀಪರಿನಲ್ಲಿ ಕ್ಯಾನ್ಸರ್ ರೋಗಿಗೆ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಜಿಲ್ಲಾ ಆಸ್ಪತ್ರೆಗಳಲ್ಲೇ ಡೇ ಕೇರ್ ಕೀಮೋ ಕೊಡುವ ಕೆಲಸವನ್ನೂ ಸರ್ಕಾರ 2025ರಲ್ಲಿ ಶುರುಮಾಡಿದೆ. ಹಿಮ್ಸ್‌ಗೆ ಹೋದಾಗ ಅದನ್ನೂ ವಿಚಾರಿಸಿ.

ಇಷ್ಟೆಲ್ಲ ಆದಮೇಲೂ ದುಡ್ಡು ಸಾಲದೆ ಬಂದರೆ ಮೊದಲು ಈ ವರ್ಷದ ಫಸಲು, ಆಮೇಲೆ ಬ್ಯಾಂಕಿನ ಒಡವೆ ಸಾಲ. ಮೀಟರ್ ಬಡ್ಡಿಯವರ ಕಡೆ ತಲೆ ಹಾಕಬೇಡಿ. ತೋಟ ಆ ಮೇಲೆ.

ಅತ್ತೆಯವರಿಗೆ ‘ನೀವು ಸುಮ್ನಿರಿ, ನಾವು ನೋಡ್ಕೋತೀವಿ’ ಎನ್ನಬೇಡಿ. ಮನೆಯವರು ಬಾಗಿಲು ಮುಚ್ಚಿಕೊಂಡು ಲೆಕ್ಕ ಹಾಕುತ್ತಿದ್ದರೆ ಯಾರಿಗೇ ಆದರೂ ತಾನು ಹೊರೆ ಅನಿಸುತ್ತದೆ. ಡಾಕ್ಟರ ಹತ್ತಿರ ಅವರನ್ನೂ ಕೂರಿಸಿಕೊಳ್ಳಿ. ಎರಡನೇ ಹಂತ ಎಂದರೆ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುವ ಹಂತ. ಅದನ್ನು ಡಾಕ್ಟರ ಬಾಯಿಂದಲೇ ಅವರು ಕೇಳಲಿ.

ಆಸ್ಪತ್ರೆ ಬದಲಿಸುವುದಾದರೆ ಬರೀ ರಿಪೋರ್ಟ್ ತಂದರೆ ಸಾಲದು. ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕನ್ನು (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಲ್ಯಾಬಿನಿಂದ ಕೇಳಿ ಪಡೆಯಿರಿ. ಅವಿಲ್ಲದಿದ್ದರೆ ಅದೇ ಪರೀಕ್ಷೆಗೆ ಇನ್ನೊಮ್ಮೆ ದುಡ್ಡು ತೆರಬೇಕಾಗಬಹುದು.